ನೀರಿನ ಮಗ್ಗುಲಿನ ಬೇರು

"ಸುಟ್ಟು ಹೋದದ್ದನ್ನು ಮತ್ತೆ ಕೆದಕಬೇಕೇ, ಅಜ್ಜಾರೆ?"

ಗೋಣೆಪ್ಪ ಮಠದ ಮೆಟ್ಟಿಲನ್ನು ಓಡಿಯೇ ಹತ್ತಿ ಬಂದಿದ್ದ. ಕೈಯಲ್ಲಿ ಪೇಡೆಯ ಪೊಟ್ಟಣ. ಅವನ ಹೆಂಡತಿ ಹಾಲವ್ವನ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ದೊಡ್ಡಾಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಸೂಜಿಯ ಕಾವಿನಿಂದ ಗಡ್ಡೆಯನ್ನು ಸುಟ್ಟಿದ್ದರು. ಈಗ ಅವಳು ರೊಟ್ಟಿ ಬಡಿಯುತ್ತಾಳೆ, ನಗುತ್ತಾಳೆ. ಗಡ್ಡೆ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತು, ರಕ್ತದ ಹರಿವಿಗೆ ಕಾವು ತಣಿದು ಅಂಚಿನಲ್ಲಿ ಚೂರು ಉಳಿದಿರಬಹುದು, ಸ್ಕ್ಯಾನಿಗೆ ಬನ್ನಿ, ಉಳಿದಿದ್ದರೆ ಇನ್ನೊಮ್ಮೆ ಸುಡೋಣ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಗೆದ್ದು ಬಂದವಳನ್ನು ಮತ್ತೆ ಯಾಕೆ ಮಲಗಿಸಬೇಕು ಎಂದು ಅವನು ಕೇಳಿದ.

ಮಠದ ಸ್ವಾಮಿಗಳಾದ ಅಜ್ಜಾರು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಬಾವಿಯ ಪಕ್ಕ ಒಂದು ಜಾಲಿ ಬೆಳೆದಿತ್ತು. ಬೇರು ಬಾವಿಯ ಕಲ್ಲುಗೋಡೆಯ ಕಡೆ ಹೊರಟಿತ್ತು. ಊರಿಗೆ ಕುಡಿಯುವ ನೀರಿನ ಬಾವಿ ಅದೊಂದೇ. ರೈತ ಮರ ಕಡಿದ. ಬೊಡ್ಡೆಯ ಸುತ್ತ ಗುಂಡಿ ತೋಡಿ, ಕುಳ್ಳು ಒಟ್ಟಿ, ಹೊಟ್ಟು ಸುರಿದು ಬೆಂಕಿ ಇಟ್ಟ.

ಉರಿ ಎದ್ದಿತು. ಜನ ಸೇರಿದರು. ಬೊಡ್ಡೆ ಚಟಚಟ ಸಿಡಿದಾಗಲೆಲ್ಲ ಕೇಕೆ. ಯಾರೋ ಹಲಗೆ ತಂದು ಬಾರಿಸಿದರು. ಆ ಸೀಮೆಯಲ್ಲಿ ಬೊಡ್ಡೆ ಸುಟ್ಟರೆ ಬೂದಿ ತಣಿಯಲು ಬಿಡುತ್ತಾರೆ. ಹಾರೆ ಹಾಕಿ ಸುತ್ತಲೂ ನೋಡುತ್ತಾರೆ. ಆಮೇಲೆ ಕಾಯಿ ಒಡೆಯುತ್ತಾರೆ. ರೈತನಿಗೆ ಅಷ್ಟು ತಾಳ್ಮೆ ಎಲ್ಲಿ? ಬಿಸಿ ಬೂದಿಯ ಮೇಲೇ ಕಾಯಿ ಒಡೆದ. ಮಂಡಕ್ಕಿ, ಬೆಲ್ಲ ಹಂಚಿದ.

ನೆರೆಯ ಮುದುಕ ಹಾರೆ ಹಿಡಿದು ಬಂದ. "ಬಾವಿ ಕಡೆ ನೋಡಿದೆಯೇನೋ ತಮ್ಮಾ? ನೀರಿನ ಮಗ್ಗುಲಲ್ಲಿ ನೆಲ ತಣ್ಣಗಿರುತ್ತೆ. ಬೆಂಕಿಗೆ ಅಲ್ಲಿ ಬಲ ಸಾಲದು."

"ಸುಟ್ಟ ಹೆಣದ ನಾಡಿ ಹಿಡಿಯೋಕೆ ಬಂದ್ಯಾ ಕಾಕಾ? ಮಂಡಕ್ಕಿ ತಿನ್ನು."

ಎಲ್ಲರೂ ನಕ್ಕರು. ಮುದುಕನೂ ನಕ್ಕ. ಗುಂಡಿ ಮುಚ್ಚಿದರು.

ಮಳೆ ಬಿತ್ತು. ಒಂದು ಜಾಲಿ ಇದ್ದ ಕಡೆ ಪೊದೆಯೇ ಎದ್ದಿತು. ಹಳೆಯ ಮರ ವರ್ಷಗಟ್ಟಲೆ ಬೆಳೆದ ಎತ್ತರವನ್ನು ಇದು ಒಂದೇ ಮಳೆಗಾಲದಲ್ಲಿ ಮುಟ್ಟಿತು. ಹೊಲದ ಕಡೆಯ ಬೇರು ಸತ್ತಿತ್ತು. ಬಾವಿಯ ಕಡೆಯದು ಬದುಕಿತ್ತು, ಕಲ್ಲಿನ ಸಂದಿಗೆ ಇಳಿದಿತ್ತು. ರೈತ ಮತ್ತೆ ಕುಳ್ಳು ಹೊತ್ತು ತಂದ. ಮುದುಕ ಬಗ್ಗಿ ನೋಡಿದ. ಈಗ ಬೆಂಕಿ ಇಟ್ಟರೆ ಕಲ್ಲು ಸೀಳುತ್ತದೆ. ಬೇರು ಕಿತ್ತರೆ ಗೋಡೆ ಜಾರುತ್ತದೆ. ರೈತ ಕುಳ್ಳಿನ ಬುಟ್ಟಿಯನ್ನು ತಲೆಯ ಮೇಲಿಂದ ಇಳಿಸಲೂ ಇಲ್ಲ. ಮುಂದಿನ ಮಳೆಗೆ ಬಾವಿ ಕುಸಿಯಿತು.

ಗೋಣೆಪ್ಪ ಪೇಡೆಯ ಪೊಟ್ಟಣವನ್ನು ಕೆಳಗಿಟ್ಟ. ಆದರೂ ಬಿಡಲಿಲ್ಲ. "ನನ್ನ ಹಾಲವ್ವ ಚೆನ್ನಾಗಿದ್ದಾಳಲ್ಲ, ಅಜ್ಜಾರೆ," ಎಂದ.

ಅಜ್ಜಾರು ಅಂದರು, "ಚೆನ್ನಾಗಿದ್ದಾಳಪ್ಪ, ಅದಕ್ಕೇ ಇವತ್ತೇ ಸ್ಕ್ಯಾನಿಗೆ ಕರ್ಕೊಂಡು ಹೋಗು."