ಸುಣ್ಣದ ಗೆರೆ

"ಗುರುಗಳೇ, ಹತ್ತು ಮಂದಿ ಹಿಡಿಸುವ ಜಾಗಕ್ಕೆ ಹನ್ನೊಂದನೆಯವರು ಬಂದು ನಿಂತರೆ ಏನೆಂದು ಹೇಳಿ ಕಳಿಸಲಿ?"

ಕೇಳಿದವನು ಶಿಷ್ಯ ಮುರಿಗೆಪ್ಪ. ಪೇಟೆಯ ಇಕ್ಕಟ್ಟಾದ ಓಣಿಯಲ್ಲಿ, ಕೈಲಾಗದ ಬಡ ಮುದುಕರಿಗಾಗಿ ಅವನು ಒಂದು ಮನೆ ಕಟ್ಟಿಸಲು ಹೊರಟಿದ್ದ. ಉಣಿಸಿ, ಮೀಯಿಸಿ, ಕೈಹಿಡಿದು ನಡೆಸುವವರು ಅಲ್ಲಿರಲಿದ್ದರು. ಬರುವವರು ಮೆಟ್ಟಿಲು ಹತ್ತಲಾರರು. ಕೋಣೆಗಳೆಲ್ಲ ನೆಲದಲ್ಲೇ ಆಗಬೇಕಿತ್ತು. ಬಾಗಿಲ ಪಕ್ಕದ ಗಾಳಿಬೆಳಕಿನ ಕೋಣೆ ಗುರುಗಳು ಬಂದಾಗ ಇಳಿದುಕೊಳ್ಳುವುದಕ್ಕೆ. ನಕ್ಷೆಯಲ್ಲಿ ಅದನ್ನು ಎಲ್ಲಕ್ಕಿಂತ ಮೊದಲು, ಅಕ್ಕರೆಯಿಂದ ಬರೆದಿದ್ದ. ಜಾಗ ಕೇಳಿಕೊಂಡು ಹನ್ನೊಂದನೆಯವಳಾಗಿ ಬಂದ ಅಜ್ಜಿಯ ಮುಖ ನೆನೆದು ಅವನಿಗೆ ಎರಡು ದಿನದಿಂದ ಊಟ ಸೇರಿರಲಿಲ್ಲ.

ಗುರುಗಳು ನಕ್ಷೆ ನೋಡಿದರು. ಶಿಷ್ಯನನ್ನು ನೋಡಿದರು. ಕತೆ ಹೇಳಿದರು.

ಒಬ್ಬ ಮೇಸ್ತ್ರಿಯಿದ್ದ. ವರ್ತಕನೊಬ್ಬ ಎರಡು ಅಂಗಡಿಗಳ ನಡುವಿನ ಸಣ್ಣ ಜಾಗ ಕೊಟ್ಟು, ದುಡಿದು ದಣಿದವರಿಗೆ ಇಲ್ಲೊಂದು ಮನೆ ಕಟ್ಟು ಎಂದ. ಮೇಸ್ತ್ರಿಗೆ ಒಂದು ಪದ್ಧತಿಯಿತ್ತು. ಪಾಯ ತೋಡುವ ಮೊದಲು ಸುಣ್ಣದ ಪುಡಿಯಲ್ಲಿ ಕೋಣೆಗಳ ಗೆರೆ ಎಳೆದು, ಅಲ್ಲಿ ಬದುಕಬೇಕಾದವರನ್ನು ಕರೆದು, ಗೆರೆಯೊಳಗೆ ಮಲಗಿಸಿ ನೋಡುತ್ತಿದ್ದ. ಅಂದೂ ಎಲ್ಲರೂ ಬಂದು ತಂತಮ್ಮ ಗೆರೆಯೊಳಗೆ ಮಲಗಿದರು. ಮೂವತ್ತು ವರ್ಷ ಅವನಿಗೆ ಗಾರೆ ಹೊತ್ತುಕೊಟ್ಟ ಮುದುಕಿಗೆ ಮಾತ್ರ ಜಾಗ ಉಳಿಯಲಿಲ್ಲ.

"ನಿನಗೆ ಮಹಡಿ ಮೇಲೆ ಒಂದು ಕೋಣೆ ಹಾಕಿಕೊಡ್ತೀನವ್ವಾ" ಎಂದ.

ಮುದುಕಿ ಮೊಣಕಾಲು ಹಿಡಿದುಕೊಂಡು ನಕ್ಕಳು. "ಮೆಟ್ಟಿಲು ಹತ್ತೋ ಹಾಗಿದ್ರೆ ಇನ್ನೂ ನಿಂಗೆ ಗಾರೆ ಹೊರ್ತಿದ್ದೆ ಕಣೋ" ಎನ್ನುತ್ತಾ ಬಾಗಿಲ ಪಕ್ಕದ ದೊಡ್ಡ ಚೌಕದಲ್ಲಿ ಹೋಗಿ ಮಲಗಿಯೇಬಿಟ್ಟಳು.

ಮೇಸ್ತ್ರಿ ಹೌಹಾರಿದ. ಅದು ವರ್ತಕ ಬಂದಾಗ ಕೂರಲೆಂದು ಅವನೇ ತೆಗೆದಿರಿಸಿದ್ದ ಜಾಗ. ದೊಡ್ಡವರೆಂದರೆ ಅವನಿಗೆ ಅಷ್ಟು ಭಕ್ತಿ, ಏನು ಮಾಡುವುದು! ಆದರೆ ಅವಳನ್ನು ಎಬ್ಬಿಸಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ವರ್ತಕನೇ ಬಂದ. "ಸಾಹುಕಾರರೇ, ಈ ಜಾಗ ನಿಮಗೆಂದು..." ಎಂದು ಮೇಸ್ತ್ರಿ ತಡವರಿಸಿದ.

ವರ್ತಕ ಚಪ್ಪಲಿ ಕಳಚಿ, ಸುಣ್ಣದ ಗೆರೆ ಅಳಿಸದಂತೆ ದಾಟಿ, ಮುದುಕಿಯ ಕಾಲ ಬಳಿ ಕುಳಿತ. "ವರ್ಷಕ್ಕೊಮ್ಮೆ ಬರುವವನಿಗೆ ಇಷ್ಟು ಸಾಲದೇನಯ್ಯಾ?" ಎಂದ.

ಕತೆ ಅಲ್ಲಿಗೆ ನಿಂತಿತು. ಮುರಿಗೆಪ್ಪನಿಗೆ ಅರ್ಥವಾಯಿತು, ಮನಸ್ಸು ಒಪ್ಪಲಿಲ್ಲ. "ಆ ವರ್ತಕನೆಲ್ಲಿ, ನೀವೆಲ್ಲಿ ಗುರುಗಳೇ!" ಎಂದ.

ಗುರುಗಳು ನಕ್ಷೆಯಲ್ಲಿ ಬಾಗಿಲ ಪಕ್ಕದ ಕೋಣೆಯ ಮೇಲೆ ಬೆರಳಿಟ್ಟರು.

"ಆ ಅಜ್ಜಿಯನ್ನು ಕೇಳಿಕೊಂಡು ಬಾ ಮಗೂ, ನಾನು ಬಂದಾಗ ಮಂಚದ ತುದಿಯಲ್ಲಿ ಒಂದಿಷ್ಟು ಜಾಗ ಕೊಡುತ್ತಾಳೇನು?"