ಪಂಡಿತರ ಮನೆಯ ಬಾಗಿಲ ಗಂಟೆ

"ಗುರುಗಳೇ, ಫೋನಿಗೆ ಬರುವ ನೂರೆಂಟು ಸುದ್ದಿಗಳಲ್ಲಿ ಯಾವುದಕ್ಕೆ ಗಂಟೆ ಬಾರಿಸಬೇಕು, ಯಾವುದನ್ನು ಸುಮ್ಮನೆ ಒಳಗಿಟ್ಟುಕೊಳ್ಳಬೇಕು?"

ಕೇಳಿದ ಶಿಷ್ಯ ಫೋನನ್ನು ಒಳಗಿನಿಂದ ನಡೆಸುವ ವ್ಯವಸ್ಥೆಯನ್ನು ಕಟ್ಟುವ ಕೆಲಸದವನು. ಅದರಲ್ಲಿ ನೋಟಿಫಿಕೇಶನ್ ಎಂಬ ಭಾಗ ಅವನ ತಲೆಗೆ ಬಂದಿತ್ತು. ಬಂದಂದಿನಿಂದ ಅವನಿಗೆ ನೆಮ್ಮದಿ ಇರಲಿಲ್ಲ.

"ಎಲ್ಲದಕ್ಕೂ ಬಾರಿಸಿದರೆ ಜನ ಬೈತಾರೆ. ಬಾರಿಸದೇ ಇದ್ದರೆ, ಯಾಕೆ ಹೇಳಲಿಲ್ಲ ಅಂತ ಬೈತಾರೆ. ನೀವೇ ಆರಿಸಿಕೊಳ್ಳಿ ಅಂತ ಅವರ ಕೈಗೇ ಕೊಟ್ಟರೆ, ಅಷ್ಟೊಂದು ಗುಂಡಿ ಒತ್ತುತ್ತಾ ಕೂರೋಕೆ ನಮಗೇನು ಬೇರೆ ಕೆಲಸ ಇಲ್ವಾ ಅಂತ ಅದಕ್ಕೂ ಬೈತಾರೆ."

"ನೀನು ಕೇಳ್ತಿರೋದು ಬೈಗುಳ ತಪ್ಪಿಸಿಕೊಳ್ಳೋದು ಹೇಗೆ ಅಂತಲೋ, ಬಾಗಿಲು ಕಾಯೋದು ಹೇಗೆ ಅಂತಲೋ?" ಎಂದರು ಗುರುಗಳು.

ಶಿಷ್ಯ, "ಬಾಗಿಲು ಕಾಯೋದು ಹೇಗೆ ಅಂತಲೇ ಇಟ್ಟುಕೊಳ್ಳಿ" ಎಂದ.

"ಹಾಗಾದರೆ ಕೂತುಕೊಂಡು ಕೇಳು" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಂಡಿತರಿದ್ದರು. ಮದ್ದು ಕೊಡುವುದರಲ್ಲಿ ಹೆಸರಾದವರು. ಅವರ ಹೆಂಡತಿಗೆ ಉಬ್ಬಸ. ಚಳಿ ಶುರುವಾಯಿತೆಂದರೆ ಆ ತಾಯಿ ಒಂದು ಮಾತು ಮುಗಿಸುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಹಿಂದಿನ ಚಳಿಗಾಲವನ್ನು ಹೇಗೋ ದಾಟಿದ್ದರು. ಮದ್ದಿಲ್ಲದೆ ಇನ್ನೊಂದನ್ನು ದಾಟಲಾರರೆಂದು ಪಂಡಿತರಿಗೆ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿ ಬಿಟ್ಟು ಹೇಳಿಕೊಂಡಿರಲಿಲ್ಲ.

ಆ ಉಬ್ಬಸಕ್ಕೆ ಒಂದು ಲೇಹ್ಯವಿತ್ತು. ಅದಕ್ಕೆ ಬೇಕಾದ ಬೇರನ್ನು ಕಾಡಿನವರು ವರ್ಷಕ್ಕೊಮ್ಮೆ ತಂದು ಕೊಡುತ್ತಿದ್ದರು. ಹೆಚ್ಚೆಂದರೆ ಮೂರು ಸಲ ಪಾಕ ಮಾಡಬಹುದು, ಅಷ್ಟೇ. ಲೇಹ್ಯಕ್ಕೆ ಕಟ್ಟುಪಾಡು ಒಂದೇ. ಕಷಾಯಕ್ಕೆ ಬೆಲ್ಲ ಬಿದ್ದ ಮೇಲೆ ಸೌಟು ನಿಲ್ಲಬಾರದು. ನಿಂತರೆ ತಳ ಹಿಡಿಯುತ್ತದೆ. ತಳ ಹಿಡಿದ ಲೇಹ್ಯವನ್ನು ನಾಯಿಯೂ ಮೂಸುವುದಿಲ್ಲ.

ಪಂಡಿತರ ಬಾಗಿಲಿಗೆ ಒಂದು ಗಂಟೆ ಇತ್ತು. ದಾರಿಯಲ್ಲಿ ಹೋಗುವವರೂ ಬರುವವರೂ ಅದರ ಹಗ್ಗ ಎಳೆಯುತ್ತಿದ್ದರು. ಹೀಗಾದರೆ ಲೇಹ್ಯ ಆದಂತೆಯೇ ಎಂದು ಪಂಡಿತರು ಬಾಗಿಲಿಗೆ ಒಬ್ಬ ಕಾವಲುಗಾರನನ್ನು ಇಟ್ಟರು. ಗಂಟೆಯ ಹಗ್ಗ ಅವನ ಕೈಗೆ ಬಂತು. ಸಂಬಳವೆಂದರೆ ಎರಡು ಹೊತ್ತಿನ ಊಟ. ಬಡಿಸುವವರು ಪಂಡಿತರ ಹೆಂಡತಿಯೇ.

ಕಾವಲುಗಾರ ಬಹಳ ಒಳ್ಳೆಯವನು. ಆ ಕೆಲಸಕ್ಕೆ ಅಷ್ಟೊಂದು ಒಳ್ಳೆಯತನ ಬೇಕಿರಲಿಲ್ಲ. ಯಾರ ಮುಖ ನೋಡಿದರೂ ಅವನಿಗೆ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ. ಬಂದವರ ಸುದ್ದಿ ದೊಡ್ಡದೋ ಚಿಕ್ಕದೋ ಎಂದು ತೂಗಲು ತಾನು ಯಾರು ಎಂದುಕೊಂಡು ಎಲ್ಲರಿಗೂ ಗಂಟೆ ಬಾರಿಸಿದ.

ಮೊದಲ ಪಾಕಕ್ಕೆ ಬೆಲ್ಲ ಬಿತ್ತು. ಒಬ್ಬ ರೈತ ಬಂದು, ತನ್ನ ಎಮ್ಮೆ ಕರು ಹಾಕಿದೆ, ಪಂಡಿತರ ಕಿವಿಗೂ ಬಿದ್ದಿರಲಿ ಎಂದ. ಗಂಟೆ ಬಾರಿಸಿತು. ಪಂಡಿತರು ಸೌಟು ಬಿಟ್ಟು ಓಡಿ ಬಂದು, ಸಂತೋಷವೆಂದು ಹೇಳಿ, ಓಡಿ ಹೋದರು. ಮತ್ತೊಬ್ಬ ಬಂದು, ಪಟೇಲರು ಈಗಷ್ಟೇ ಅರಳಿಕಟ್ಟೆಯ ಮೇಲೆ ಕೂತರು ಎಂದ. ಕೂತು ಏನು ಮಾಡುತ್ತಿದ್ದಾರೆ ಎಂದರೆ, ಕೂತಿದ್ದಾರೆ, ಅಷ್ಟೇ ಎಂದ. ಗಂಟೆ ಬಾರಿಸಿತು. ಇನ್ನೊಬ್ಬ ಬಂದು, ಪಂಡಿತರನ್ನು ಯಾರೋ ಹೊಗಳುತ್ತಿದ್ದರು ಎಂದ. ಯಾರು ಎಂದು ಕೇಳಿದರೆ, ಅವರೇ ಹೊರಗೆ ಬಂದರೆ ಹೇಳುತ್ತೇನೆ ಎಂದ. ಇದಕ್ಕಂತೂ ಪಂಡಿತರು ಗಂಟೆಗೆ ಮೊದಲೇ ಬಾಗಿಲಿಗೆ ಬಂದಿದ್ದರು. ಕೊನೆಗೆ ಎಣ್ಣೆ ವ್ಯಾಪಾರಿ ಬಂದ.

"ಪಂಡಿತರು ನನ್ನ ಅಂಗಡಿ ಕಡೆ ಬಂದು ಬಹಳ ದಿನ ಆಯ್ತು. ಮರೆತುಬಿಟ್ರೇನೋ ಅಂತ ನೆನಪು ಮಾಡೋಣ ಅಂತ ಬಂದೆ."

ಗಂಟೆ ಬಾರಿಸಿತು. ಪಂಡಿತರು ವ್ಯಾಪಾರಿಗೆ ನೆನಪಿದೆ ಎಂದು ಹೇಳಿ ತಿರುಗುವಷ್ಟರಲ್ಲಿ ಸೀದ ವಾಸನೆ ಬಾಗಿಲ ತನಕ ಬಂತು. ಒಂದು ಪಾಕ ಹಾಳಾಯಿತು.

ಪಂಡಿತರು ಕಾವಲುಗಾರನನ್ನು ಕರೆದು, "ಇನ್ನು ಮೇಲೆ ಅವಸರದ ವಿಷಯಕ್ಕೆ ಮಾತ್ರ ಬಾರಿಸು" ಎಂದರು.

ಕಾವಲುಗಾರ ಆಗಲಿ ಎಂದ. ಬಂದವರನ್ನೆಲ್ಲ, ಅವಸರವೇ ಎಂದು ಕೇಳಿದ. ತನ್ನ ವಿಷಯ ಅವಸರದ್ದಲ್ಲ ಎನ್ನುವ ಮನುಷ್ಯ ಆ ಊರಿನಲ್ಲಿ ಒಬ್ಬನೂ ಸಿಗಲಿಲ್ಲ. ಪಟೇಲರು ಅರಳಿಕಟ್ಟೆಯಿಂದ ಎದ್ದದ್ದೂ ಅವಸರದ ಸುದ್ದಿಯೇ ಆಯಿತು. ಒಂದೆರಡು ದಿನದಲ್ಲಿ ಅವನಿಗೂ ಬುದ್ಧಿ ಬಂತು. ಮುಖ ಗಂಟು ಹಾಕಿಕೊಂಡು ಆಗುವುದಿಲ್ಲ ಎನ್ನುವುದನ್ನು ಕಲಿತ. ಊರಿನವರು ಗೊಣಗುತ್ತಾ ಹಿಂದೆ ಹೋಗತೊಡಗಿದರು. ಪಂಡಿತರ ಹೆಂಡತಿಗೆ ಸ್ವಲ್ಪ ಧೈರ್ಯ ಬಂತು.

ಎಣ್ಣೆ ವ್ಯಾಪಾರಿ ಮಾತ್ರ ಗೊಣಗಲಿಲ್ಲ. ಮರುದಿನ ಒಂದು ಪೊಟ್ಟಣ ಹಿಡಿದು ಬಂದ. ಒಳಗೆ ಚಕ್ಕುಲಿ, ಅವನದೇ ಎಣ್ಣೆಯಲ್ಲಿ ಕರಿದದ್ದು.

"ಬಾರಿಸು ಅಂತ ನಾನೇನೂ ಹೇಳ್ತಿಲ್ಲಪ್ಪ. ತಿನ್ನು ಅಂತ ಹೇಳ್ತಿದ್ದೀನಿ."

ಇದರಲ್ಲಿ ತಪ್ಪೇನು ಕಂಡೀತು? ಬಿಸಿಲಿನಲ್ಲಿ ನಿಂತವನಿಗೆ ಯಾರೋ ಪ್ರೀತಿಯಿಂದ ತಂದದ್ದು. ಕಾವಲುಗಾರ ತಿಂದ. ವ್ಯಾಪಾರಿ ಏನನ್ನೂ ಕೇಳದೆ ಹೋದ. ಮರುದಿನವೂ ಬಂದ, ಮರುದಿನವೂ ಏನನ್ನೂ ಕೇಳಲಿಲ್ಲ. ಇದನ್ನು ನೋಡಿ ಬಟ್ಟೆ ವ್ಯಾಪಾರಿ ಕೋಡುಬಳೆ ತಂದ. ಬೆಲ್ಲದ ವ್ಯಾಪಾರಿ ಹೋಳಿಗೆಯನ್ನೇ ತಂದ, ಮೇಲೆ ತುಪ್ಪ ಬೇರೆ. ಕಾವಲುಗಾರ ತಾನು ಬದಲಾದೆನೆಂದು ಒಂದು ಗಳಿಗೆಯೂ ಅಂದುಕೊಳ್ಳಲಿಲ್ಲ. ಈಗಲೂ ನ್ಯಾಯವಾಗಿಯೇ ತೂಗುತ್ತಿದ್ದೇನೆ ಎಂಬುದು ಅವನ ನಂಬಿಕೆ. ಅದೇಕೋ ಈಚೆಗೆ ಎಣ್ಣೆ ವ್ಯಾಪಾರಿಯ ಮಾತಿನಲ್ಲಿ ನಿಜವಾಗಿಯೂ ಅವಸರವಿದೆ ಎಂದು ಅವನಿಗೆ ಅನ್ನಿಸತೊಡಗಿತ್ತು. ಕರು ಹಾಕಿದ ಎಮ್ಮೆಯ ರೈತನ ಮಾತಿನಲ್ಲಿ ಹಾಗೆ ಅನ್ನಿಸುತ್ತಿರಲಿಲ್ಲ. ರೈತ ಬರಿಗೈಯಲ್ಲಿ ಬರುತ್ತಿದ್ದ.

ಎರಡನೆಯ ಪಾಕಕ್ಕೆ ಬೆಲ್ಲ ಬಿದ್ದ ದಿನ ಎಣ್ಣೆ ವ್ಯಾಪಾರಿ ಬಂದು, ಹೊಸ ಎಳ್ಳೆಣ್ಣೆ ಬಂದಿದೆ, ಇವತ್ತಿನ ಘಮ ನಾಳೆ ಇರುವುದಿಲ್ಲ ಎಂದ. ಇದಕ್ಕಿಂತ ಅವಸರದ್ದು ಇನ್ನೇನಿದೆ ಎಂದು ಕಾವಲುಗಾರ ಗಂಟೆ ಬಾರಿಸಿದ. ಪಂಡಿತರು ಎಣ್ಣೆ ಮೂಸುತ್ತಿದ್ದಾಗ ಒಳಗೆ ಲೇಹ್ಯ ತಳ ಹಿಡಿಯಿತು. ಅವರು ಕೂಗಾಡಲಿಲ್ಲ. ಪಾತ್ರೆಯನ್ನು ಬಾವಿಕಟ್ಟೆಗೆ ತಂದಿಟ್ಟು, ತಾವೇ ಉಜ್ಜಲು ಕೂತರು.

ಅವತ್ತು ಸಂಜೆ ಪಂಡಿತರ ಹೆಂಡತಿ ಎಂದಿನಂತೆ ಕಾವಲುಗಾರನಿಗೆ ಎಲೆ ಹಾಕಿದರು. ಅನ್ನ ಬಡಿಸಿ ಗೋಡೆ ಹಿಡಿದು ನಿಂತರು. ಉಸಿರು ಹಿಡಿತಕ್ಕೆ ಬಂದ ಮೇಲೆ ಸಾರು ಬಡಿಸಿದರು. ಮತ್ತೆ ಗೋಡೆ ಹಿಡಿದರು. ಕಾವಲುಗಾರ ತುತ್ತು ಕಲಸಿದ. ಕಲಸಿದ್ದು ಬಾಯಿಗೆ ಹೋಗಲಿಲ್ಲ. ಹೊಟ್ಟೆಯಲ್ಲಿ ಜಾಗವಿರಲಿಲ್ಲ.

"ಯಾಕಪ್ಪಾ, ಹಸಿವಿಲ್ವಾ? ಸಾರು ಚೆನ್ನಾಗಿಲ್ವಾ?" ಎಂದು ಆ ತಾಯಿ ಏದುಸಿರಿನಲ್ಲೇ ಕೇಳಿದರು.

ಕಾವಲುಗಾರನಿಗೆ ನಾಚಿಕೆಯಾಯಿತು. ನಾಚಿಕೆ ಎಂದರೆ ಅಂಥಿಂಥ ನಾಚಿಕೆಯಲ್ಲ. ಎಲೆಯಲ್ಲಿದ್ದ ಅನ್ನದ ಮುಂದೆ ತಲೆ ಎತ್ತಲಾಗಲಿಲ್ಲ. ಯಾರ ಉಸಿರಿಗಾಗಿ ತನ್ನನ್ನು ಬಾಗಿಲಿಗೆ ನಿಲ್ಲಿಸಿದ್ದರೋ ಅವರು ಬಡಿಸಿದ್ದನ್ನು ಉಣ್ಣಲಾಗದಷ್ಟು ಬೇರೆಯವರದ್ದನ್ನು ತಿಂದು ಬಂದಿದ್ದ. "ಚೆನ್ನಾಗಿದೆ ತಾಯಿ" ಎಂದು ಹೇಳಿ, ಕಷ್ಟಪಟ್ಟು ಅಷ್ಟನ್ನೂ ನುಂಗಿದ.

ಮರುದಿನದಿಂದ ಅವನು ಪೊಟ್ಟಣ ಮುಟ್ಟಲಿಲ್ಲ. ವ್ಯಾಪಾರಿಗಳು ಏನೇನೋ ಹೇಳಿ ನೋಡಿದರು. ಹೋಳಿಗೆಯ ತುಪ್ಪ ಅವನ ಮೂಗಿನ ತನಕ ಬಂತು. ಅವನು ಉಸಿರು ಬಿಗಿಹಿಡಿದು ನಿಂತ. ಮೂರನೆಯ ಪಾಕಕ್ಕೆ ಬೆಲ್ಲ ಬಿದ್ದ ದಿನ ಗಂಟೆಯ ನಾಲಿಗೆಗೆ ಹಳೇ ಬಟ್ಟೆ ಸುತ್ತಿ ಬಿಗಿದು ಕಟ್ಟಿದ. ಬಂದವರಿಗೆಲ್ಲ, "ಹೇಳಿ ಹೋಗಿ, ಸಂಜೆ ಎಲ್ಲಾ ಒಟ್ಟಿಗೆ ಹೇಳ್ತೀನಿ" ಎಂದ. ಹೇಳಿ ಹೋಗುವುದಾದರೆ ಹೇಳಲು ಅಂಥದ್ದೇನೂ ಇಲ್ಲ ಎಂದು ಅರ್ಧ ಜನ ಹಾಗೇ ಹಿಂತಿರುಗಿದರು.

ಬಾಗಿಲು ಶಾಂತವಾಯಿತು. ಎಷ್ಟು ಶಾಂತವಾಯಿತೆಂದರೆ ಒಳಗೆ ಪಂಡಿತರಿಗೆ ತಡೆಯಲಾಗಲಿಲ್ಲ. ಸೌಟು ತಿರುಗಿಸುತ್ತಾ ಕಿವಿಯನ್ನು ಬಾಗಿಲಿಗೇ ಇಟ್ಟಿದ್ದರು. ಊರಿನಲ್ಲಿ ಏನಾಯಿತೋ, ಪಟೇಲರು ಕೂತರೋ ಎದ್ದರೋ, ಯಾರಾದರೂ ಹೊಗಳಿದರೋ ಎಂದು ಮನಸ್ಸು ಕುದಿಯಿತು. ಕೊನೆಗೆ ಸೌಟು ಬಿಟ್ಟು ತಾವಾಗಿಯೇ ಹೊರಗೆ ಬಂದರು.

"ಯಾರೂ ಬರಲಿಲ್ವೇನೋ?"

"ಬಂದವರಲ್ಲಿ ನಿಮಗೆ ಬೇಕಾದವರು ಯಾರೂ ಇಲ್ಲ ಸ್ವಾಮಿ. ನೀವು ಒಳಗೆ ಹೋಗಿ."

"ಗಂಟೆ ಕೆಟ್ಟಿಲ್ಲ ತಾನೆ? ಒಂದ್ಸಲ ಬಾರಿಸಿ ನೋಡು."

ಇಲ್ಲಿಯವರೆಗೆ ಲೇಹ್ಯಕ್ಕೆ ವೈರಿಗಳೆಲ್ಲ ಬಾಗಿಲಿನ ಆಚೆ ಇದ್ದಾರೆಂದು ಕಾವಲುಗಾರ ತಿಳಿದಿದ್ದ. ಈಗ ಈಚೆಗೂ ಒಬ್ಬರಿರುವುದು ಗೊತ್ತಾಯಿತು. ಅವನು ಯಜಮಾನರ ಹೆಗಲು ಹಿಡಿದು ತಿರುಗಿಸಿ, ಮೆಲ್ಲಗೆ ಒಳಗೆ ನೂಕಿ, ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದ. ಒಳಗಿನಿಂದ ಪಂಡಿತರು ಬಾಗಿಲು ಬಡಿದು, ಅವನ ತಂದೆತಾಯಿಯನ್ನೂ ಸೇರಿಸಿ ಬೈದರು. ಹೆಂಡತಿ ಒಳಗಿನಿಂದ ಏನೋ ಹೇಳಿದ್ದು ಕೇಳಿಸಿತು. ಆಮೇಲೆ ಸೌಟಿನ ಸದ್ದು ಶುರುವಾಯಿತು.

ಪಾಕ ಎಳೆ ಬರುವ ಹೊತ್ತು. ಬರಿಗೈಯ ರೈತ ಮತ್ತೆ ಬಂದ. ಜಗಲಿ ಹತ್ತದೆ ಅಂಗಳದಲ್ಲೇ ನಿಂತ. ಕಾಲಿಗೆ ಟವಲು ಸುತ್ತಿಕೊಂಡಿದ್ದ.

"ಪಂಡಿತರು ಕೆಲಸದಲ್ಲಿದ್ದರೆ ಇರಲಿ, ಆಮೇಲೆ ಬರ್ತೀನಿ. ಅಂಥಾ ಅವಸರ ಏನಿಲ್ಲ" ಎಂದ.

ಆ ಊರಿನಲ್ಲಿ ಹಾಗೆಂದ ಮೊದಲ ಮನುಷ್ಯ ಅವನು. ಕಾವಲುಗಾರ ಅವನ ಬಾಯಿ ನೋಡಲಿಲ್ಲ, ಕಾಲು ನೋಡಿದ. ಟವಲು ತೊಯ್ದು ಕೆಂಪಾಗಿತ್ತು. ಕುಡುಗೋಲು ಮೂಳೆಯ ತನಕ ಇಳಿದಿತ್ತು. ಜಗಲಿ ಕೊಳೆಯಾದೀತೆಂದು ಅವನು ಅಂಗಳದಲ್ಲಿ ನಿಂತಿದ್ದ.

ಕಾವಲುಗಾರ ಗಂಟೆಯ ಕಡೆ ತಿರುಗಲೂ ಇಲ್ಲ. ಚಿಲಕ ತೆಗೆದು ರೈತನನ್ನು ಎತ್ತಿಕೊಂಡೇ ಒಳಗೆ ಹೋದ. ಪಂಡಿತರು ಒಮ್ಮೆ ಕಾಲು ನೋಡಿದರು, ಒಮ್ಮೆ ಪಾತ್ರೆ ನೋಡಿದರು, ಒಮ್ಮೆ ಹೆಂಡತಿಯ ಮುಖ ನೋಡಿದರು. ಇದು ಕೊನೆಯ ಪಾಕ.

"ಕೊಡಿ ಸ್ವಾಮಿ" ಎಂದು ಕಾವಲುಗಾರ ಸೌಟು ತೆಗೆದುಕೊಂಡ. "ಕಾಲು ನೀವು ನೋಡಿ, ಇದನ್ನ ನಾನು ತಿರುಗಿಸ್ತೀನಿ."

ಪಂಡಿತರು ಗಾಯ ತೊಳೆದು, ಹೊಲಿದು, ಕಟ್ಟಿದರು. ಅಷ್ಟು ಹೊತ್ತೂ ಸೌಟು ನಿಲ್ಲಲಿಲ್ಲ. ಕಾವಲು ಇಲ್ಲದ ಬಾಗಿಲಲ್ಲಿ ಎಣ್ಣೆ ವ್ಯಾಪಾರಿ ಬಂದು ಜೋರಾಗಿ ಹಗ್ಗ ಎಳೆದ. ಬಟ್ಟೆ ಕಟ್ಟಿದ ಗಂಟೆ ಥಪ್ ಥಪ್ ಎಂದಿತು. ಪಂಡಿತರ ಕಿವಿ ನೆಟ್ಟಗಾಯಿತು. ಕಾವಲುಗಾರ ಕಣ್ಣು ಕೆಕ್ಕರಿಸಿದ. ಪಂಡಿತರು ತಲೆ ತಗ್ಗಿಸಿ ಹೊಲಿಗೆ ಮುಂದುವರಿಸಿದರು.

ಲೇಹ್ಯ ಹದವಾಗಿ ಇಳಿಯಿತು. ಆ ಚಳಿಗಾಲ ಪಂಡಿತರ ಹೆಂಡತಿ ಗೋಡೆ ಹಿಡಿಯದೆ ನಿಂತು, ಒಂದೇ ಉಸಿರಿನಲ್ಲಿ, ಮೊದಲಿಂದ ಕೊನೆಯ ತನಕ ಗಂಡನನ್ನು ಬೈದರು. ಪಂಡಿತರು ಕಣ್ಣಲ್ಲಿ ನೀರು ತುಂಬಿಕೊಂಡು ಪೂರ್ತಿ ಕೇಳಿಸಿಕೊಂಡರು.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತ್ತು.

"ಈಗ ತಿಳೀತು ಗುರುಗಳೇ. ಅವಸರವೇ ಅಂತ ಬಂದವನನ್ನು ಕೇಳಬಾರದು, ನಾವೇ ನೋಡಬೇಕು. ಕಾಯಬಹುದಾದದ್ದನ್ನು ಸಂಜೆ ಒಟ್ಟಿಗೆ ಕೊಡಬೇಕು. ಯಜಮಾನ ತಾನಾಗಿಯೇ ಎದ್ದು ಬಂದರೆ ಚಿಲಕ ಹಾಕಬೇಕು. ನಿಜವಾದ ಕರೆ ಬಂದಾಗ ಅವನ ಕೈಯ ಕೆಲಸ ಕೆಡದಂತೆ ಹಿಡಿದುಕೊಳ್ಳಬೇಕು. ಇದನ್ನೆಲ್ಲ ನಾವು ಫೋನಿನಲ್ಲಿ ಮಾಡಬಹುದು, ಕಷ್ಟವೇನಿಲ್ಲ. ನಾಳೆಯೇ ಶುರು ಮಾಡ್ತೀನಿ."

ಅವನು ನಮಸ್ಕಾರ ಮಾಡಿ ಉತ್ಸಾಹದಿಂದ ಎದ್ದ. ಗುರುಗಳು ಅವನನ್ನೇ ನೋಡುತ್ತಾ ಕೇಳಿದರು:

"ಒಳ್ಳೇದಪ್ಪ, ಆದರೆ ನಿಮ್ಮ ಕಾವಲುಗಾರನಿಗೆ ಊಟ ಹಾಕೋರು ಯಾರು, ಮನೆಯೊಳಗಿನವರೋ, ಬಾಗಿಲಲ್ಲಿ ನಿಂತವರೋ?"