ನಂದಿಬಟ್ಟಲಿಗೆ ಹಾಲು ಬಂದದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಸರಿಯಾಗಿ ಕೂತಿರಲಿಲ್ಲ, ಹೊಳೆಗಳು ತಮ್ಮ ದಾರಿ ಹುಡುಕಿಕೊಳ್ಳುತ್ತಿದ್ದವು. ಗಾಳಿಗೂ ಮರಕ್ಕೂ ಮನುಷ್ಯರಿಗೂ ಒಂದೇ ಮಾತಿತ್ತು.

ಆಗ ಹೊಳೆಯ ದಂಡೆಯಲ್ಲಿ ಒಂದು ನಂದಿಬಟ್ಟಲ ಮರ. ಲೋಕಕ್ಕೆಲ್ಲ ಅದೊಂದೇ. ದೇವರು ಮರಗಳಿಗೆ ಬೀಜ ಹಂಚಿದ ದಿನ ಅದು ಹೂ ಬಿಡುವುದರಲ್ಲೇ ಮೈಮರೆತು, ಬೀಜ ಕೇಳುವುದನ್ನೇ ಬಿಟ್ಟಿತ್ತು.

ದಂಡೆಯ ಮೇಲ್ಗಡೆ ಕೆಂಚವ್ವನ ಮನೆ. ದಿನಾ ಬೆಳಗ್ಗೆ ಮಿಂದು, ಆ ಮರದ ಬಿಳಿ ಹೂ ಬಿಡಿಸಿ ತಂದು ದೇವರಿಗೆ ಏರಿಸುತ್ತಿದ್ದಳು. ಹೂವಿಲ್ಲದ ಪೂಜೆಯನ್ನು ಅವಳು ಕಂಡೇ ಇರಲಿಲ್ಲ.

ಒಂದು ದಿನ ಹೊಳೆ ಹೇಳಿತು: "ಕೆಂಚವ್ವ, ಬರೋ ಮಳೆಗಾಲಕ್ಕೆ ನಾನು ಈ ಕಡೆ ಹರೀಬೇಕು. ಮರ ನಿಲ್ಲೋದಿಲ್ಲ. ಮುಂಚೇನೇ ಹೇಳಿದ್ದೀನಿ, ಆಮೇಲೆ ನನ್ನ ಬೈಬೇಡ."

"ಸ್ವಲ್ಪ ಆಚೆ ಹೋಗೋಕಾಗಲ್ವೇನು ತಾಯಿ?"

"ಆಚೆ ಬಂಡೆ ಇದೆ. ಅದು ನನ್ನ ಮಾತೂ ಕೇಳಲ್ಲ, ನಿನ್ನ ಮಾತೂ ಕೇಳಲ್ಲ."

ಕೆಂಚವ್ವ ಮರದ ಬುಡದಲ್ಲಿ ಕುಸಿದು ಕೂತಳು. ಮರವೇ ಸಮಾಧಾನ ಹೇಳಿತು: "ಬೀಜ ಇಲ್ಲದಿದ್ರೆ ಕೊಂಬೆ ಇದೆಯಲ್ಲವ್ವ. ಒಂದು ಕಡಿದು ಮೇಲೆ ನೆಡು. ತೀರಾ ಎಳೇದು ಬೇಡ, ಬಲಿತು ಗಟ್ಟಿಯಾದದ್ದೂ ಬೇಡ."

ಅವಳು ಅಂಜುತ್ತಲೇ ಕಡಿದಳು. ಆಗ ಮರದ ಮೈಯಲ್ಲಿದ್ದದ್ದು ಬರೀ ನೀರು. ಕಡಿದ ಜಾಗದಿಂದ ತೊಟ್ಟಿಕ್ಕತೊಡಗಿದ್ದು ನಿಲ್ಲಲೇ ಇಲ್ಲ.

ಹಿತ್ತಲಲ್ಲಿ ನೆಟ್ಟ ಕೊಂಬೆಗೆ ಕೆಂಚವ್ವ ದೇವರ ಅಭಿಷೇಕದ ನೀರನ್ನೇ ಸುರಿದಳು. ಬೆಳಗಿನದ್ದೂ ಸುರಿದಳು, ಸಂಜೆಯದ್ದೂ ಸುರಿದಳು. ದೇವರ ಮೈ ತೊಳೆದ ನೀರು ಹೆಚ್ಚಾಗುವುದುಂಟೇ ಎಂದು ಅವಳ ನಂಬಿಕೆ. ಕೊಂಬೆ ಕೊಳೆತು ಕಪ್ಪಾಯಿತು.

"ಗಿಡ ನೆಟ್ಟೆಯೋ ಅಜ್ಜಿ, ಕೆರೆ ಕಟ್ಟಿದೆಯೋ?" ಎಂದು ಗಾಳಿ ನಕ್ಕಿತು.

ಕೆಂಚವ್ವ ನಗಲಿಲ್ಲ. ಮರದ ಬಳಿಗೆ ಹೋದಳು. ಗಾಯ ಇನ್ನೂ ಸೋರುತ್ತಿತ್ತು, ಎಲೆಗಳು ಜೋತುಬಿದ್ದಿದ್ದವು. "ಇನ್ನೊಂದು ಕಡಿದರೆ ಅದರಲ್ಲೂ ಜೀವ ನಿಲ್ಲಲ್ಲವ್ವ. ಹೀಗೇ ಸೋರಿ ಹೋಗುತ್ತೆ," ಎಂದಿತು ಮರ. ಬೆಟ್ಟದ ಮೇಲೆ ಮೋಡ ಕಟ್ಟುತ್ತಿತ್ತು.

ಅಲ್ಲೇ ಮೇಯುತ್ತಿದ್ದ ಅವಳ ಹಸು ಗೌರಿ ಇದನ್ನೆಲ್ಲ ಕೇಳಿಸಿಕೊಂಡಿತು. "ಕರು ಕುಡಿದು ಮಿಕ್ಕಿದ್ದನ್ನ ಕರೆದುಕೋ. ಗಾಯಕ್ಕೆ ಹಚ್ಚಿ ನೋಡು," ಎಂದಿತು.

ಕೆಂಚವ್ವ ನೊರೆಹಾಲಲ್ಲಿ ಬೆರಳದ್ದಿ ಗಾಯಕ್ಕೆ ಸವರಿದಳು. ಬಾಯಾರಿದ್ದ ಮರ ಅಷ್ಟನ್ನೂ ಒಳಗೆಳೆದುಕೊಂಡಿತು. ಸ್ವಲ್ಪ ಹೊತ್ತಿಗೆ ಗಾಯದ ಬಾಯಲ್ಲಿ ಹಾಲು ಕೆನೆಗಟ್ಟಿ ಸೋರುವುದು ನಿಂತಿತು.

"ಈಗ ಕಡಿ. ಆದರೆ ಮೊಗ್ಗೆಲ್ಲ ಚಿವುಟಿ ಹಾಕಬೇಕು. ಬೇರಿಲ್ಲದ ಕಡ್ಡಿಗೆ ಹೂ ಹೊರೋ ಶಕ್ತಿ ಎಲ್ಲಿದ್ದೀತು?" ಎಂದಿತು ಮರ.

ಕೆಂಚವ್ವನ ಕೈ ನಿಂತಿತು. ಸೊರಗಿದ ಮರದಲ್ಲಿ ಮೊಗ್ಗು ಉಳಿದಿದ್ದದ್ದು ಈಗ ಕಡಿಯಬೇಕಾದ ಕೊಂಬೆಯಲ್ಲಿ ಮಾತ್ರ. ದೇವರದ್ದನ್ನು ಚಿವುಟಿ ಮಣ್ಣಿಗೆ ಹಾಕುವುದೇ? ಮನೆಗೆ ಹೋಗಿ ದೇವರ ಮುಂದೆ ಕೂತಳು.

"ಸ್ವಾಮಿ, ಇನ್ನು ಸ್ವಲ್ಪ ಕಾಲ ಹೂ ಕೇಳಬೇಡ. ಬರಿಗೈಯಲ್ಲಿ ಬರ್ತೀನಿ. ಗಿಡ ಬೇರು ಬಿಡಲಿ."

ದೀಪ ಅಲುಗದೆ ಉರಿಯುತ್ತಿತ್ತು. ಅವಳಿಗೆ ಅಷ್ಟು ಸಾಕಾಯಿತು.

ಕೊಂಬೆ ಕಡಿದು ಮೊಗ್ಗು ಚಿವುಟಿದಳು. ಕೆಳಗಿನ ಎಲೆ ತೆಗೆದು, ತುದಿಯಲ್ಲಿ ಒಂದೆರಡು ಉಳಿಸಿದಳು. ಕಡಿದ ಬಾಯಲ್ಲಿ ಒಸರಿದ ಹಾಲು ಆರಿದ ಮೇಲೆ, ತಳ ಒಡೆದ ಕುಡಿಕೆಗೆ ಮರಳು ಬೆರೆತ ಮಣ್ಣು ತುಂಬಿ ನೆಟ್ಟು, ಜಗಲಿಯ ನೆರಳಲ್ಲಿಟ್ಟಳು. ನೀರೆಂದರೆ ಬೆರಳಲ್ಲಿ ಚಿಮುಕಿಸುವಷ್ಟೇ.

ಗಾಳಿಗೆ ತಡೆಯಲಿಲ್ಲ. "ಬೇರು ಬಂತಾ? ಒಂದ್ಸಲ ಕಿತ್ತು ನೋಡೋಣ್ವಾ?"

"ಬಸುರಿ ಹೊಟ್ಟೆ ಬಗೆದು ನೋಡ್ತಾರೇನೋ? ಹೋಗು, ಮೋಡ ಮೇಯಿಸು."

ಮಳೆ ಬಂತು. ಹೊಳೆ ಹೇಳಿದ ಹಾಗೇ ಬಂತು. "ಬರ್ತೀನವ್ವ," ಎಂದು ಮರ ಮೆಲ್ಲನೆ ನೀರಿಗೆ ಒರಗಿತು. ಕೆಂಚವ್ವ ದಂಡೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು. ಅಂದೂ, ಆಮೇಲೂ, ಬರಿಗೈ ಮುಗಿದೇ ಪೂಜೆ ಮಾಡಿದಳು.

ಮಳೆ ಬಿಟ್ಟು ಹೊಳವಾದ ಒಂದು ಬೆಳಗ್ಗೆ ಕಡ್ಡಿಯ ನೆತ್ತಿಯಲ್ಲಿ ಹೊಸ ಚಿಗುರು ಇಣುಕಿತ್ತು.

ಗಿಡ ದೊಡ್ಡದಾದಾಗ ಕೆಂಚವ್ವ ದೇವರಿಗೆ ಹೂ ಏರಿಸಿದಳು. ಅದೇ ದಿನ ಒಂದು ಕಡ್ಡಿ ಕಡಿದು ನೆರೆಮನೆಗೆ ಕೊಟ್ಟಳು. "ಒಂದೇ ಮನೇಲಿ ಇರಬಾರದು ಕಣಮ್ಮ. ಹೊಳೆಗೆ ಯಾವ ದಾರಿ ಬೇಕಾಗುತ್ತೋ ಯಾರಿಗೆ ಗೊತ್ತು," ಎಂದಳು.

ಅದಕ್ಕೇ ಮಗು, ಇವತ್ತಿಗೂ ನಂದಿಬಟ್ಟಲ ಕೊಂಬೆ ಮುರಿದರೆ ಹಾಲು ಒಸರಿ ತಾನಾಗಿ ನಿಲ್ಲುತ್ತದೆ. ಅದಕ್ಕೇ ಅದರ ಬೀಜ ಎಲ್ಲಿ ಎಂದು ಯಾರೂ ಹುಡುಕುವುದಿಲ್ಲ, ಬೇಲಿಯಾಚೆ ನಿಂತು, "ಒಂದು ಕಡ್ಡಿ ಕೊಡ್ತೀರಾ?" ಎಂದು ಕೇಳುತ್ತಾರೆ.